ಕೋದಂಡಪ್ಪನ ಉಸಿರು, ಮುತ್ಯಾಲಮ್ಮನ ಹೆಸರು

ಕಾಮಸಮುದ್ರದ ಪಕ್ಕದ ಒಂದು ಹಳ್ಳಿಯಲ್ಲಿ ಹೋದ ವರ್ಷ ಐದು ಜನ ಉಬ್ಬಸದ ರೋಗಿಗಳು ಒಂದೇ ಉಸಿರನ್ನು ಹಂಚಿಕೊಂಡಿದ್ದರು. ಆ ಉಸಿರು ಅವರಲ್ಲಿ ಯಾರದ್ದೂ ಅಲ್ಲ, ಓಲಗ ಊದುವ ಕೋದಂಡಪ್ಪನದು. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ನಗಲು ಅಷ್ಟೇನೂ ಜಾಗವಿಲ್ಲ.

ಐವರಲ್ಲಿ ಒಬ್ಬಳು ಮುತ್ಯಾಲಮ್ಮ. ವಯಸ್ಸು ಐವತ್ತು ದಾಟಿದೆ. ಗಂಡ ಮುನಿಸ್ವಾಮಪ್ಪ ರಾಗಿ, ಟೊಮೆಟೊ ಬೆಳೆಯುತ್ತಾನೆ. ಮನೆ ನಡೆಯುವುದು ಮಾತ್ರ ಮುತ್ಯಾಲಮ್ಮ ಬೆಳಿಗ್ಗೆ ಸಂಜೆ ಡೈರಿಗೆ ಹಾಕುವ ಹಾಲಿನಿಂದ. ಎರಡು ಸೀಮೆಹಸು, ಒಂದು ಎಮ್ಮೆ. ಮದುವೆಯಾಗಿ ಬಂದ ಹೊಸದರಲ್ಲಿ ಊದುಗೊಳವೆ ಹಿಡಿದು ಒಲೆಯ ಮುಂದೆ ಕೂತಳಲ್ಲ, ಉಬ್ಬಸ ಅಲ್ಲಿಂದ ಶುರು. ಈಗ ಮನೆಗೆ ಗ್ಯಾಸ್ ಬಂದಿದೆ. ಹೊಗೆ ಅಡುಗೆಮನೆ ಬಿಟ್ಟು ಹೋಯಿತು, ಎದೆ ಬಿಟ್ಟು ಹೋಗಲಿಲ್ಲ. ಚಳಿಗಾಲ ಬಂತೆಂದರೆ ಗೋಡೆಗೆ ಒರಗಿ ಕೂತೇ ನಿದ್ದೆ. ಊರಿನವರು ಇದನ್ನೊಂದು ಕಾಯಿಲೆ ಎಂದು ಎಂದೂ ಕರೆದವರಲ್ಲ. "ಮುತ್ಯಾಲಕ್ಕನ್ಗೆ ದಮ್ಮು" ಎನ್ನುತ್ತಿದ್ದರು, "ಮುತ್ಯಾಲಕ್ಕನ್ಗೆ ಸಿಟ್ಟು ಜಾಸ್ತಿ" ಅನ್ನುವ ಹಾಗೆ. ಎರಡೂ ನಿಜ.

ಈ ಊರಿಗೆ ಸಾಯಿಕುಮಾರ್ ಬಂದ. ಬೆಂಗಳೂರಿನ ಒಂದು ಸಂಸ್ಥೆ ರಾಬರ್ಟ್‌ಸನ್‌ಪೇಟೆಯಲ್ಲಿ ಸಣ್ಣದೊಂದು ಆಫೀಸು ತೆರೆದಿತ್ತು. ಅವನು ಅಲ್ಲಿನ ನೌಕರ. ಉಬ್ಬಸ, ಅಲರ್ಜಿ ಇರುವವರಿಗಾಗಿ ಅವರು ಒಂದು ಆಪ್ ಮಾಡಿದ್ದರು. ಹೆಸರು ಶ್ವಾಸಸಖಿ. ಸಾಯಿಕುಮಾರ್ ಮನೆಮನೆ ಅಲೆಯಲಿಲ್ಲ. ಸಂಜೆ ಹಾಲಿನ ಹೊತ್ತಿಗೆ ನೇರ ಡೈರಿಗೇ ಬಂದು ನಿಂತ.

"ನಮ್ ತಾತ ಚಿನ್ನದ್ ಮೈನ್ಸ್‌ನಲ್ಲಿದ್ರು ಅಮ್ಮ. ದೂಳ್ ಕುಡ್ದು ಕುಡ್ದು, ಕೊನೇಗೆ ಕೆಮ್ಮಕ್ಕೂ ಉಸ್ರಿಲ್ದೆ ಓದ್ರು. ಆವಾಗ ಈ ಆಪ್ ಇರ್ಲಿಲ್ಲ. ನಿಮ್ಗೈತೆ."

ಹೇಳಿ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡನಂತೆ. ಅದು ನಾಟಕವಲ್ಲ, ಮುತ್ಯಾಲಮ್ಮ ಇವತ್ತಿಗೂ ಹಾಗೇ ಹೇಳುತ್ತಾಳೆ. ಐದು ಜನ ಹೆಸರು ಕೊಟ್ಟರು. ಒಬ್ಬೊಬ್ಬರಿಗೂ ದಿನಾ ಎಳೆದುಕೊಳ್ಳುವ ಇನ್ಹೇಲರ್ ಸಿಕ್ಕಿತು, ಪುಕ್ಕಟೆ. ಜೊತೆಗೆ ಒಂದು ಪ್ಲಾಸ್ಟಿಕ್ ಕೊಳವೆ. ಬಾಯಿಗಿಟ್ಟು ಜೋರಾಗಿ ಊದಿದರೆ ಮುಳ್ಳು ಸರಿದು ಎದೆಯ ಬಲ ಎಷ್ಟೆಂದು ತೋರಿಸುತ್ತದೆ. ಆ ಅಂಕಿಯನ್ನು ಫೋನಿಗೆ ಹಾಕಬೇಕು.

"ಮತ್ತೆ ಊದುಗೊಳವೇನಾ ನಾಯ್ನ? ಒಂದ್ ಊದಿದ್ಕೇ ಇಂಗಾಗಿವ್ನಿ" ಎಂದಳು ಮುತ್ಯಾಲಮ್ಮ; ಮಗನ ವಯಸ್ಸಿನ ಹುಡುಗರೆಲ್ಲ ಆಕೆಗೆ ನಾಯ್ನ. ಡೈರಿಯೆಲ್ಲ ನಕ್ಕಿತು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆಪ್ ಕೆಟ್ಟದ್ದಲ್ಲ. ಇನ್ಹೇಲರನ್ನು ಹೇಗೆ ಎಳೆಯಬೇಕು, ಎಳೆದ ಮೇಲೆ ಉಸಿರು ಎಷ್ಟು ಹೊತ್ತು ಹಿಡಿಯಬೇಕು ಎಂದು ಅದರಲ್ಲೊಂದು ವಿಡಿಯೋ ಇತ್ತು. ಅದನ್ನು ಅತ್ತೆಗೆ ತೋರಿಸಿ ಕಲಿಸಿದವಳು ಸೊಸೆ ಸುಮಲತ. ತಿಂಗಳೊಳಗೆ ಮುತ್ಯಾಲಮ್ಮ ಮಲಗಿ ನಿದ್ದೆ ಮಾಡಿದಳು. ಮುನಿಸ್ವಾಮಪ್ಪ ಎರಡು ಸಲ ಎದ್ದು ಬಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿದನಂತೆ. ಅಷ್ಟು ಸದ್ದಿಲ್ಲದ ಉಸಿರನ್ನು ಆ ಮನೆ ಕೇಳಿಯೇ ಇರಲಿಲ್ಲ.

ಕೆಟ್ಟದ್ದು ಬಣ್ಣ. ಅಂಕಿ ಚೆನ್ನಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಮೂವತ್ತು ವರ್ಷ ಹೊಗೆ ಕುಡಿದ ಎದೆಯನ್ನೂ ಹೊಗೆಯನ್ನೇ ಕಾಣದ ಎದೆಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಏನಾಗುತ್ತದೆ? ಮುತ್ಯಾಲಮ್ಮನಿಗೆ ಗುಣ ಕಾಣುತ್ತಿತ್ತು, ಬಣ್ಣ ಮಾತ್ರ ಕೆಂಪು. ಮೇಲೆ ಪ್ರಶ್ನೆಗಳು. ಇಂದು ದೂಳಿನ ಹತ್ತಿರ ಇದ್ದಿರಾ? ಹೊಗೆಯ ಹತ್ತಿರ? ಪ್ರಾಣಿಗಳ ಹತ್ತಿರ? ಸುಮಲತ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಓದುವಳು. ಮುತ್ಯಾಲಮ್ಮ ಹಸುವಿನ ಹೊಟ್ಟೆಗೆ ತಲೆ ಆನಿಸಿ ಹಾಲು ಕರೆಯುತ್ತ ಉತ್ತರ ಕೊಡುವಳು.

"ಊಂ ಅಂತ ಒತ್ತವ್ವ. ಮೂರ್ಕೂ ಊಂ."

"ಪ್ರಾಣಿಗಳಿಂದ ದೂರವಿರಿ ಅಂತೈತೆ ಅತ್ತೆ."

"ಅಸು ಮಾರ್ಬುಟ್ಟು ಆ ಫೋನ್ನೇ ಕರ್ದು ಡೈರಿಗ್ ಆಕ್ಲಾ? ಕೇಳು ಅದನ್ನ."

"ನಾವ್ ಕೇಳಂಗಿಲ್ಲ ಅತ್ತೆ. ಅದ್ ಕೇಳ್ತದೆ, ನಾವ್ ಒತ್ಬೇಕು."

ವಾರಕ್ಕೊಮ್ಮೆ ಸಾಯಿಕುಮಾರ್ ಊರಿನ ವಾಟ್ಸಾಪ್ ಗುಂಪಿಗೆ ಹೆಸರುಗಳನ್ನು ಹಾಕುತ್ತಿದ್ದ. ಹಸಿರಿನವರಿಗೆ ಚಪ್ಪಾಳೆ, ಕೆಂಪಿನವರಿಗೆ ಅಳುವ ಮುಖ. ಕೆಳಗೆ ಒಂದು ಸಾಲು: ಕೆಂಪಿನಲ್ಲಿರುವವರು ಸಹಕರಿಸುತ್ತಿಲ್ಲ, ಹೀಗೇ ಮುಂದುವರಿದರೆ ನಿಮ್ಮ ಜಾಗವನ್ನು ಬೇರೆ ಊರಿಗೆ ಕೊಡಲಾಗುವುದು. ಅಂದರೆ ಇನ್ಹೇಲರ್ ನಿಲ್ಲುತ್ತದೆ. ಕಾಯಿಲೆ ಇದೆ ಎಂದು ಔಷಧಿ ಕೊಡುವುದು, ಕಾಯಿಲೆ ಇದೆ ಎಂದು ಅದನ್ನೇ ಕಿತ್ತುಕೊಳ್ಳುವುದು! ಈ ಬುದ್ಧಿ ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನನಗೆ ಗೊತ್ತಿಲ್ಲ. ನಾನು ಕಾಲೇಜು ನೋಡಿದವನಲ್ಲ.

ಹಾಲು ಹಾಕುವ ಜನ ಇದಕ್ಕೆ ತಮಗೆ ಗೊತ್ತಿದ್ದ ದಾರಿ ಹಿಡಿದರು. ಡೈರಿಯ ಮಿಷನ್ನು ಹಾಲಿನ ಕೊಬ್ಬು ನೋಡುತ್ತದೆ. ಹಸುವಿನ ಹಾಲು ತೆಳುವಾದ ದಿನ ಒಂದು ಚೊಂಬು ಎಮ್ಮೆ ಹಾಲು ಸೇರಿಸಿದರೆ ಮಿಷನ್ನಿಗೆ ಸಂತೋಷ. ಅದು ಮೋಸವೆಂದು ಯಾರಿಗೂ ಅನಿಸುವುದಿಲ್ಲ, ಎಮ್ಮೆಯೂ ನಮ್ಮದೇ ತಾನೆ? ಹಾಗೆಯೇ ಒಂದು ಬೆಳಿಗ್ಗೆ ಸುಮಲತ ಅಂದಳು: "ಅತ್ತೆ, ಕೋದಂಡಪ್ಪ ಮಾವನ್ನ ಕರ್ಸಿ. ಒಂದ್ಸಲ ಊದ್ಲಿ."

ಕೋದಂಡಪ್ಪ ಸುತ್ತಲಿನ ಹಳ್ಳಿಗಳಿಗೂ ಗಡಿಯಾಚೆಯ ಆಂಧ್ರದ ಮದುವೆಗಳಿಗೂ ಓಲಗದವನು. ಮುಹೂರ್ತದ ಹೊತ್ತಿನಲ್ಲಿ ಅವನು ಉಸಿರು ಹಿಡಿದರೆ ಪುರೋಹಿತರ ಮಂತ್ರವೇ ಮೊದಲು ಮುಗಿಯಬೇಕು. ಕೊಳವೆ ಬಾಯಿಗಿಟ್ಟು ಒಂದು ಸಲ ಊದಿದ. ಮುಳ್ಳು ತುದಿಗೆ ಹೋಗಿ ಬಡಿಯಿತು. ಮುತ್ಯಾಲಮ್ಮ ಆವತ್ತು ಹಸಿರಾದಳು. ವಾರದೊಳಗೆ ಉಳಿದ ನಾಲ್ಕು ಮನೆಯವರೂ ಅವನನ್ನು ಕರೆದರು. ಬೆಳಿಗ್ಗೆ ಎದ್ದು ಹಾಲಿನ ವ್ಯಾನಿನ ಹಾಗೆ ಮನೆಮನೆ ಸುತ್ತುವನು, ಊದುವನು, ಕಾಫಿ ಕುಡಿಯುವನು.

"ಮುಳ್ಳು ಎಷ್ಟಕ್ ಓಗ್ಬೇಕಕ್ಕ ಇವತ್ತು, ನಾನೂರಾ, ಐನೂರಾ?"

"ನಾನೂರ್ ಸಾಕ್ ಕಣ್ಲಾ. ಜಾಸ್ತಿ ಬಂದ್ರೆ ನನ್ನೇ ಓಲಗಕ್ ಕರ್ದಾರು."

ಊರು ಹಸಿರೋ ಹಸಿರು. ಗುಂಪಿನಲ್ಲಿ ಚಪ್ಪಾಳೆ. ಸಾಯಿಕುಮಾರ್ ಅದಕ್ಕೆ ಮಾದರಿ ಗ್ರಾಮ ಎಂದು ಹೆಸರಿಟ್ಟ. ಅದಾದ ತಿಂಗಳು ಫೋನಿಗೆ ಸಂದೇಶ ಬಂತು. ಅಭಿನಂದನೆಗಳು, ನಿಮ್ಮ ಉಬ್ಬಸ ಹತೋಟಿಗೆ ಬಂದಿದೆ. ಸುಮಲತ ಕುಣಿದಾಡಿದಳು. ಮಾರನೆಯ ವಾರ ಸಾಯಿಕುಮಾರ್ ಡೈರಿಗೆ ಬಂದಾಗ ಅವನ ಚೀಲದಲ್ಲಿ ಈ ಊರಿನ ಪಾಲು ಇರಲಿಲ್ಲ. ಗುಣವಾದವರಿಗೆ ಇನ್ಹೇಲರ್ ಯಾಕೆ?

ಆಗಲೇ ರಾಗಿ ಕಣದ ಕಾಲ. ನಮ್ಮ ಕಡೆ ರಾಗಿ ತೆನೆಯನ್ನು ಟಾರು ರಸ್ತೆಗೇ ಹರಡುತ್ತಾರೆ, ಬಸ್ಸು ಲಾರಿ ಮೇಲೆ ಹಾದು ತುಳಿಯುತ್ತವೆ. ಮೇಲೇಳುವ ಹೊಟ್ಟು ಊರಿಗೆಲ್ಲ ಮುಸುಕು ಹಾಕುತ್ತದೆ. ಇನ್ಹೇಲರ್ ಮುಗಿದ ಎರಡನೆಯ ವಾರ, ಸಂಜೆ ಡೈರಿಯ ಸಾಲಿನಲ್ಲಿ ನಿಂತಿದ್ದ ಮುತ್ಯಾಲಮ್ಮನ ಕೈಯಿಂದ ಹಾಲಿನ ಕ್ಯಾನು ಜಾರಿತು. ಹಾಲು ಮೆಟ್ಟಿಲ ಮೇಲಿಂದ ಹರಿಯಿತು. ಆಕೆ ಅದನ್ನು ನೋಡುತ್ತ ಕೂತಳು. ಮಾತಾಡಲಾಗಲಿಲ್ಲ, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮುನಿಸ್ವಾಮಪ್ಪ ಹಾಲಿನ ವ್ಯಾನಿನಲ್ಲೇ ಹಾಕಿಕೊಂಡು ಬಂಗಾರಪೇಟೆಯ ಆಸ್ಪತ್ರೆಗೆ ಓಡಿಸಿದ. ಮುಖಕ್ಕೆ ಮಾಸ್ಕ್ ಹಾಕಿ ಹಬೆಯಲ್ಲಿ ಔಷಧಿ ಕೊಟ್ಟ ಮೇಲೆ ಜೀವ ಮರಳಿತು. ಆಗಲೂ ಸುಮಲತಳ ಫೋನಿನಲ್ಲಿ ಆಕೆ ಹಸಿರೇ. ಔಷಧಿ ನಿಂತರೂ ಕೆಂಪಿನ ಭಯ ನಿಂತಿರಲಿಲ್ಲ, ಆ ದಿನ ಬೆಳಿಗ್ಗೆಯೂ ಕೋದಂಡಪ್ಪ ಊದಿ ಹೋಗಿದ್ದ.

ಎದ್ದು ಓಡಾಡುವಂತಾದ ಕೂಡಲೇ ಮುತ್ಯಾಲಮ್ಮ ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೋದಳು. ಸಾಯಿಕುಮಾರ್ ಕುರ್ಚಿ ಕೊಟ್ಟ, ನೀರು ಕೊಟ್ಟ, ಔಷಧಿ ಕೊಡಲಿಲ್ಲ.

"ಆಪ್‌ನಲ್ಲಿ ನೀವು ಫುಲ್ ಗ್ರೀನ್ ಅಮ್ಮ. ನಾನೇನ್ ಮಾಡ್ಲಿ?"

"ನಾನ್ ಇಲ್ ಕೂತಿವ್ನಿ, ಆಪ್ ಅಲ್ಲೈತೆ. ನೀನ್ ಯಾರ್ನ ನೋಡ್ತಿದೀಯ?"

ಅವನು ಫೋನು ಬೋರಲು ಇಟ್ಟ. ಆಗ ಆಕೆ ಕೋದಂಡಪ್ಪನ ವಿಷಯ ಇದ್ದದ್ದು ಇದ್ದಂತೆ ಹೇಳಿದಳು. ಸಾಯಿಕುಮಾರ್ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

"ಅಮ್ಮಾ, ಕೈ ಮುಗೀತೀನಿ. ಇದನ್ನ ಯಾರ್‌ಗೂ ಏಳ್ಬೇಡಿ. ಮುಂದಿನ್ ವಾರ ಬಂಗಾರಪೇಟೆ ಮಂಟಪದಲ್ಲಿ ಫಂಕ್ಷನ್ ಐತೆ, ನಿಮ್ಗೇ ಸನ್ಮಾನ. ಬೆಂಗ್ಳೂರಿಂದ ನಮ್ ಸಂಸ್ಥೆ ಮೇಡಂ ಬತ್ತಾರೆ. ಆಪ್‌ನಿಂದ ವಾಸಿಯಾಯ್ತು ಅಂತ ಎರಡ್ ಮಾತ್ ಆಡ್ಬುಡಿ. ಆಮೇಲೆ ಎಂಗಾರ ಮಾಡಿ ಕೊಡಿಸ್ತೀನಿ. ಈಗ ಕೆಂಪ್ ತೋರ್ಸಿದ್ರೆ ನನ್ ಕೆಲ್ಸ ಓಯ್ತದೆ, ನಿಮ್ಮೂರಿನ್ ಜಾಗಾನೂ ಓಯ್ತದೆ."

ಮುತ್ಯಾಲಮ್ಮ ಎದ್ದಳು. ಸೆರಗು ಕೊಡವಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು.

ಮಂಟಪದ ಬಾಗಿಲಲ್ಲಿ ಅತಿಥಿಗಳ ಸ್ವಾಗತಕ್ಕೆ ಓಲಗ ಇಟ್ಟಿದ್ದರು. ಊದುತ್ತಿದ್ದವನು ಇನ್ಯಾರು? ಕೋದಂಡಪ್ಪನೇ. ಮುತ್ಯಾಲಮ್ಮನ ಕೈಯಲ್ಲಿದ್ದ ಪ್ಲಾಸ್ಟಿಕ್ ಕೊಳವೆ ಕಂಡದ್ದೇ ಅವನ ಸ್ವರ ನಿಂತಿತು.

"ಅಕ್ಕ, ಬ್ಯಾಡ. ಸಂಕ್ರಾಂತಿ ಕಳ್ದೈತೆ, ಮುಹೂರ್ತ ಶುರು. ಓಲಗದೋನು ಮೋಸ ಮಾಡ್ದ ಅಂದ್ರೆ ಯಾರ್ ನನ್ ಕರೀತಾರೆ?"

"ನಿನ್ ಎಸ್ರು ತೆಗ್ಯಲ್ಲ ಕಣ್ಲಾ. ನನ್ ಎಸ್ರಲ್ಲಿರೋ ಉಸ್ರು ಮಾತ್ರ ವಾಪಸ್ ಕೊಡ್ತೀನಿ."

ಸುಮಲತಳೂ ಬೇಡವೆಂದಳು. ಐದು ಮನೆಗಳಿಗೂ ಔಷಧಿ ಪೂರ್ತಿ ತಪ್ಪಿದರೆ ಊರಿನವರು ಯಾರನ್ನು ಬೈಯುತ್ತಾರೆ? ಬಡವರ ಸಿಟ್ಟು ದವಡೆಗೆ ಮೂಲ ಎಂದು ಗಾದೆ. ಆ ಗಾದೆ ಕಟ್ಟಿದವನು ಬಡವನಾಗಿರಲಿಕ್ಕಿಲ್ಲ.

ವೇದಿಕೆಯ ಮೇಲೆ ಶಾಲು ಹೊದಿಸಿದರು. ಮೈಕು ಕೈಗೆ ಕೊಟ್ಟರು. ಮುತ್ಯಾಲಮ್ಮ ಅದನ್ನು ಮೇಜಿನ ಮೇಲಿಟ್ಟು ಕೊಳವೆ ತೆಗೆದಳು. ಬಾಗಿಲ ಕಡೆ ನೋಡಿದಳು. ಹೆಸರು ಕರೆಯಲಿಲ್ಲ. ಕೋದಂಡಪ್ಪ ಒಂದು ಗಳಿಗೆ ನಿಂತ, ಆಮೇಲೆ ಓಲಗವನ್ನು ಡೋಲಿನವನ ಕೈಗೆ ಕೊಟ್ಟು ತಾನೇ ನಡೆದು ಬಂದ. ಮೆಟ್ಟಿಲು ಹತ್ತಿ ಕೊಳವೆ ಇಸಕೊಂಡು ಊದಿದ. ಮುಳ್ಳು ತುದಿಗೆ ಬಡಿಯಿತು. ಏನೆಂದು ತಿಳಿಯದೆಯೇ ಜನ ಚಪ್ಪಾಳೆ ತಟ್ಟಿದರು. ಮುತ್ಯಾಲಮ್ಮ ಮುಳ್ಳನ್ನು ಕೆಳಗಿಳಿಸಿ ತಾನು ಊದಿದಳು. ಅರ್ಧವೂ ಏರಲಿಲ್ಲ. ಕೆಮ್ಮು ಬಂತು. ಮಂಟಪದಲ್ಲಿ ಆ ಕೆಮ್ಮೊಂದೇ ಕೇಳುತ್ತಿತ್ತು. ಮುಗಿಯುವ ತನಕ ಆಕೆ ಮೇಜು ಹಿಡಿದು ನಿಂತಳು, ಕೂರಲಿಲ್ಲ.

"ಮೊದ್ಲು ಊದ್ದೋಳು ನಿಮ್ ಫೋನಲ್ಲಿರೋ ಮುತ್ಯಾಲಮ್ಮ. ಈಗ್ ಊದ್ದೋಳು ನಾನು. ನೀವು ಔಸ್ದಿ ನಿಲ್ಸಿದ್ದು ಯಾರ್ಗೆ?"

ಮೇಡಂ ಎದ್ದರು. "ಅಂದರೆ ಇಷ್ಟು ದಿನ ಸುಳ್ಳು ಮಾಹಿತಿ ಕೊಟ್ಟಿದ್ದೀರಿ, ಅಲ್ಲವೇ?"

"ಊಂ, ಕೊಟ್ವಿ. ಕೆಂಪ್ ಇದ್ರೆ ಮಾತ್ ಕೇಳ್ದೋರು ಅಂದ್ರಿ. ಅಸ್ರು ಆದ್ರೆ ವಾಸಿಯಾದೋರು ಅಂದ್ರಿ. ಕಾಯ್ಲೆ ಇರೋರು ಎಲ್ ನಿಂತ್ಕಬೇಕು ತಾಯಿ? ಅದ್ಕೊಂದ್ ಬಣ್ಣ ಏಳಿ, ಅಲ್ ನಿಂತ್ಕತೀವಿ."

ಹಿಂದಿನ ಸಾಲಿನಿಂದ ಅದೇ ಊರಿನ ರೋಗಿ, ಎಪ್ಪತ್ತರ ಮುದುಕ ದೊಡ್ಡವೆಂಕಟಪ್ಪ ಕೂಗಿದ: "ನಂದೂ ಅವನ್ ಉಸ್ರೇ ಅಮ್ಮೋ! ನಾನು ಐನೂರು!"

ಮಂಟಪ ಬಿದ್ದು ಬಿದ್ದು ನಕ್ಕಿತು. ಸಾಯಿಕುಮಾರ್ ಓಡಿಬಂದು ಆಕೆಯ ತೋಳು ಹಿಡಿದ, ಕೆಳಗಿಳಿಸಲು. ಮುತ್ಯಾಲಮ್ಮ ಅವನಿಗಷ್ಟೇ ಕೇಳುವ ಹಾಗೆ ಕೇಳಿದಳು.

"ನಿಮ್ ತಾತನ್ ಕೆಮ್ಮು ಯಾವ್ ಬಣ್ಣ ಇತ್ತು ನಾಯ್ನ?"

ಅವನ ಕೈ ತಾನಾಗಿ ಸಡಿಲವಾಯಿತು. ಶಾಲು ಮಡಚಿ ಮೇಜಿನ ಮೇಲಿಟ್ಟು ಆಕೆ ತಾನೇ ಇಳಿದು ಹೋದಳು. ಸಂಜೆಯ ಹಾಲಿನ ಹೊತ್ತಾಗಿತ್ತು.

ಅದೇ ದಿನ ವಾಟ್ಸಾಪ್ ಗುಂಪಿನಿಂದ ಆಕೆಯನ್ನು ತೆಗೆದುಹಾಕಿದರು. ಆದರೆ ಮಂಟಪದಲ್ಲಿ ಇದ್ದವರ ಕೈಯಲ್ಲೂ ಫೋನುಗಳಿದ್ದವು. ಆ ಕೆಮ್ಮು ಬಂಗಾರಪೇಟೆಯ ಅಂಗಡಿಗಳಲ್ಲಿ, ಮಾರಿಕುಪ್ಪಂ ರೈಲಿನ ಡಬ್ಬಿಗಳಲ್ಲಿ ವಾರಗಟ್ಟಲೆ ಕೇಳಿಸಿತು. ಕೋದಂಡಪ್ಪನ ಒಂದು ಮದುವೆಯೂ ತಪ್ಪಲಿಲ್ಲ. ಐದು ಎದೆಯ ಕೋದಂಡಪ್ಪ ಎಂದು ಈಗ ಜನ ಅವನನ್ನು ಹುಡುಕಿಕೊಂಡು ಬರುತ್ತಾರೆ. ಸಂಸ್ಥೆ ಮನಸ್ಸು ಬದಲಾಯಿಸಿತು. ಅದಕ್ಕೆ ದಯೆ ಬಂತೋ, ಮಾನ ಹೋಗುವ ಭಯ ಬಂತೋ? ಭಯವೇ ಎಂದು ನನ್ನ ಲೆಕ್ಕ. ಬಡವರ ಪಾಲಿಗೆ ದಯೆಗಿಂತ ಅದು ಹೆಚ್ಚು ದಿನ ಬಾಳುತ್ತದೆ.

ಶಿವರಾತ್ರಿ ಹೊತ್ತಿಗೆ ಸಾಯಿಕುಮಾರ್ ಡೈರಿಗೆ ಬಂದ. ಅವನ ಕೆಲಸ ಉಳಿದಿತ್ತು, ಮುಖ ಮಾತ್ರ ಇಳಿದಿತ್ತು. ಚೀಲದಲ್ಲಿ ಐದು ಇನ್ಹೇಲರ್.

"ಇನ್ಮೇಲೆ ನನ್ ಮುಂದೇನೇ ಊದ್ಬೇಕು ಅಮ್ಮ. ಮೇಲಿನೋರ್ ಆರ್ಡರು."

ಮುತ್ಯಾಲಮ್ಮ ಕ್ಯಾನು ಕೆಳಗಿಟ್ಟು ಅವನ ಮುಂದೆಯೇ ಊದಿದಳು. ಮುಳ್ಳು ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂದು ನಿಂತಿತು.

"ಕೆಂಪು" ಅಂದ ಸಾಯಿಕುಮಾರ್, ತಲೆ ಎತ್ತದೆ.

"ಕೆಂಪೇ. ಅದನ್ನ ಗುಂಪಿಗ್ ಆಕ್ಬೇಡ, ಅದ್ಕ್ ತಕ್ಕಂಗೆ ಔಸ್ದಿ ನನ್ ಕೈಗ್ ಆಕು."

ಅವನು ಹಾಕಿದ. ಆಮೇಲೆ ಅಭ್ಯಾಸಬಲದಿಂದ ಫೋನು ನೋಡಿ ಪ್ರಶ್ನೆ ಓದಿದ. ಇಂದು ಪ್ರಾಣಿಗಳ ಹತ್ತಿರ ಇದ್ದಿರಾ?

"ಊಂ ಅಂತ ಒತ್ತು" ಎಂದು ಮುತ್ಯಾಲಮ್ಮ ಹಾಲಿನ ಸಾಲಿಗೆ ಸೇರಿಕೊಂಡಳು. "ನಾಳೇದೂ ಈಗ್ಲೇ ಒತ್ಬುಡು."