ಒಂದೇ ಕೈಯ ಪ್ರಾರ್ಥನೆ

ಈ ಬಡಗಿಯ ಮೀಸೆ ಎಳೆಯಿರಿ, ನಕ್ಕಾನು. ಹತಾರದ ಪೆಟ್ಟಿಗೆ ಮುಟ್ಟಿ ನೋಡಿ, ಮನುಷ್ಯನಾಗಿ ಉಳಿಯುವುದಿಲ್ಲ. ಅಪ್ಪ ಬಿಟ್ಟುಹೋದ ಉಳಿಗಳಿಗೆ ಹಸುಗೂಸಿಗೆ ಹಚ್ಚುವಂತೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಮಲಗಿಸುತ್ತಾನೆ. ಪಕ್ಕದ ಮನೆಯವರು ಸುತ್ತಿಗೆ ಕೇಳಿದರೆ, ಮೊಳೆಯನ್ನೂ ಗೋಡೆಯನ್ನೂ ಇಲ್ಲಿಗೇ ತನ್ನಿ ಅನ್ನುತ್ತಾನೆ. ಹನ್ನೊಂದು ವರ್ಷದ ಕೆಳಗೆ ತಮ್ಮ ಹೇಳದೆ ಒಯ್ದು ಒಂದು ಉಳಿಯ ಬಾಯಿ ಮುರಿದ. ಅಂದಿನಿಂದ ಪೆಟ್ಟಿಗೆಗೂ ಒಡಹುಟ್ಟಿದವನಿಗೂ ಒಟ್ಟಿಗೇ ಬೀಗ ಬಿತ್ತು. ಚಾವಿ ಎಡ ಜೇಬಿನಲ್ಲಿ, ಎಡಗೈ ಅದರ ಮೇಲೆ. ಉಣ್ಣುವಾಗಲೂ ಅಷ್ಟೆ, ಚರ್ಚಿನಲ್ಲೂ ಅಷ್ಟೆ. ಎಲ್ಲರೂ ಎರಡು ಕೈ ಜೋಡಿಸಿದರೆ ಇವನದು ಒಂದೇ ಕೈ ಎದೆಯ ಮೇಲೆ. ಆದರೂ "ಕರ್ತನೇ, ನನ್ನದೆಲ್ಲ ನಿನ್ನದೇ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಅನ್ನುವವನೂ ಇವನೇ. "ಚಾವಿ ಒಂದು ಬಿಟ್ಟು ಅಂತ ಸೇರಿಸ್ರೀ, ದೇವರಿಗೇ ಸುಳ್ಳು ಹೇಳ್ಬೇಡಿ" ಎಂದು ಮೊನ್ನೆ ಹೆಂಡತಿ ಚುಚ್ಚಿದಳು. ಮಾತು ನಿಜವಾದ್ದರಿಂದಲೇ ಎರಡು ದಿನ ಧುಮುಗುಟ್ಟಿದ. ಮೂರನೆಯ ದಿನ ಭಾನುವಾರ. ಮರಗೆಲಸ ಸಿಕ್ಕಿಯೂ ಹತಾರವಿಲ್ಲದೆ ಕೈಕಟ್ಟಿ ಕೂತಿದ್ದ ತಮ್ಮ ಚರ್ಚಿನ ಹಿಂದಿನ ಬೆಂಚಿನಲ್ಲಿದ್ದ. ಪ್ರಾರ್ಥನೆಗೆ ಮುಂಚೆ ಬಡಗಿ ಎದ್ದು ಹೋಗಿ, ಹಲ್ಲು ಕಚ್ಚಿಕೊಂಡು, ಚಾವಿಯನ್ನು ಅವನ ಅಂಗೈಗೆ ಒತ್ತಿದ. "ತಗೊಳ್ಳೋ. ಪೆಟ್ಟಿಗೇನೇ ತಗೊಂಡ್ಹೋಗು." "ಮತ್ತೆ ಮುರಿದ್ರೆ, ಅಣ್ಣಾ?" "ಬೈತೀನಿ. ಬೀಗ ಮಾತ್ರ ಹಾಕಲ್ಲ." ತನ್ನ ಜಾಗಕ್ಕೆ ಬಂದು ಕಣ್ಣು ಮುಚ್ಚಿದ. ಎಡಗೈ ಅಭ್ಯಾಸದಂತೆ ಜೇಬಿಗೆ ಇಳಿಯಿತು, ತಡಕಾಡಿತು, ಹಿಡಿಯಲು ಏನೂ ಸಿಗದೆ ಮೇಲೆ ಬಂದು ಬಲಗೈಯನ್ನು ಕೂಡಿಕೊಂಡಿತು.