ಕಳ್ಳ ಕುಬಸದ ಜಾಹೀರಾತು

ಗೋಗಿಯ ಮರಿಲಿಂಗನ ಹತ್ತಿರ ಐದು ನಮೂನೆಯ ವಿಸಿಟಿಂಗ್ ಕಾರ್ಡುಗಳಿವೆ. ಐದರಲ್ಲೂ ಕಂಪನಿಯ ಹೆಸರು ಬೇರೆ, ‘ಸಂಸ್ಥಾಪಕ’ ಎಂಬ ಪದವಿ ಮಾತ್ರ ಒಂದೇ. ನಲವತ್ತು ತುಂಬುವುದರೊಳಗೆ ಐದು ಕಂಪನಿ ಕಟ್ಟಿದವರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಅನ್ನುತ್ತಾನೆ ಅವನು. ನಾಲ್ಕು ಮುಚ್ಚಿದವರೂ ಇಲ್ಲ ಅನ್ನುತ್ತಾಳೆ ಹೆಂಡತಿ ಪರಿಮಳಾ.

ಎಲ್ಲವೂ ಮೊಬೈಲ್ ಜಾಹೀರಾತಿನ ಕಂಪನಿಗಳೇ. ಮೊದಲನೆಯದು ಶಹಾಪುರದಲ್ಲಿ, ಟೈರಿನ ಅಂಗಡಿಯ ಮೇಲಿನ ಖೋಲಿಯಲ್ಲಿ. ಸಾವಿರಾರು ಮಂದಿಗೆ ಒಂದೇ ಏಟಿಗೆ ಮೆಸೇಜು ಕಳಿಸುವ ಧಂದೆ. ಬೀಜದಂಗಡಿಯ ಜಾಹೀರಾತು ರೈತರಿಗೆ ಮುಟ್ಟುವಷ್ಟರಲ್ಲಿ ಹೊಲದಲ್ಲಿ ತೊಗರಿ ಮೊಣಕಾಲುದ್ದ ಬೆಳೆದಿತ್ತು. ಎರಡನೆಯದು ಯಾದಗಿರಿಯಲ್ಲಿ. ಮಿಸ್ ಕಾಲ್ ಕೊಟ್ಟರೆ ಕಂಪನಿಯೇ ತಿರುಗಿ ಫೋನು ಮಾಡಿ ಒಂದು ಜೋಕು, ಒಂದು ಜಾಹೀರಾತು ಕೇಳಿಸುತ್ತಿತ್ತು. ಮಂದಿ ಜೋಕು ಕೇಳಿ ನಕ್ಕು, ಜಾಹೀರಾತು ಶುರುವಾಗುತ್ತಲೇ ಫೋನು ಇಡುತ್ತಿದ್ದರು. ಆಮೇಲೆ ಗೋಗಿಯ ಆಟೋಗಳಿಗೆ ಸಣ್ಣ ಟಿವಿ ಕೂರಿಸಿದ. ಒಂದೊಂದು ಆಟೋದಲ್ಲಿ ಹದಿನಾಲ್ಕು ಮಂದಿ ಹತ್ತಿದ ಮೇಲೆ ಆ ಟಿವಿ ಕಂಡದ್ದು ಚಾಲಕರ ಬೆನ್ನಿಗೆ ಮಾತ್ರ. ಸುರಪುರದ ಫೇಸ್‌ಬುಕ್ ಪೇಜು ದಿನಾ ಬೆಳಿಗ್ಗೆ ಶುಭೋದಯ ಹೇಳುವುದರಲ್ಲೇ ಸವೆದುಹೋಯಿತು.

ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ತಾಯಿ ದೇವಕಮ್ಮನ ಉತ್ತರ ಸಿದ್ಧವಾಗಿರುತ್ತದೆ. “ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳ್ತಾನವ್ವ. ನಾವದನ್ನ ಪುಕ್ಕಟ ಮಾಡ್ತಿದ್ವಿ.”

ಐದನೆಯ ಕಂಪನಿ ಮಾತ್ರ ಹೇಗೋ ಕಾಲೂರಿದೆ. ನಲವತ್ತೊಂದು ವಾಟ್ಸಾಪ್ ಗ್ರೂಪು, ಊರೂರಲ್ಲಿ ತಮ್ಮ ಸ್ಟೇಟಸ್ಸಿನಲ್ಲಿ ಇವನ ಜಾಹೀರಾತು ಹಾಕಿಕೊಳ್ಳುವ ಆರುನೂರು ಮಂದಿ. ಪಂಪ್‌ಸೆಟ್ಟು, ಕೋಚಿಂಗ್ ಕ್ಲಾಸು, ಕಣ್ಣಿನ ಶಿಬಿರ, ಎಲ್ಲವೂ ಇವನ ಕೈಯಿಂದಲೇ ಹೋಗುತ್ತವೆ. ಹೋಗದಿದ್ದದ್ದು ಒಂದೇ, ಹೆಂಡತಿಯ ಅಂಗಡಿ. ಶಹಾಪುರದಲ್ಲಿ ಪರಿಮಳಾ ಕುಬಸ, ಅಂದರೆ ರವಿಕೆ, ಹೊಲಿಯುವ ಅಂಗಡಿಗೆ ಒಂದು ಬೋರ್ಡೂ ಇಲ್ಲ. ಆದರೂ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ಬಸ್ಸಿಳಿದು ನೆಟ್ಟಗೆ ಅಲ್ಲಿಗೇ ಬರುತ್ತಾರೆ. ಇದು ಮರಿಲಿಂಗನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಜಾಹೀರಾತೇ ಇಲ್ಲದೆ ಧಂದೆ ನಡೆಯುತ್ತದೆ ಅಂತಾದರೆ ತಾನು ಹದಿನೈದು ವರ್ಷ ಮಾಡಿದ್ದಾದರೂ ಏನು?

ಕಳೆದ ಶ್ರಾವಣದಲ್ಲಿ ತಡೆಯಲಾಗಲಿಲ್ಲ. ಪರಿಮಳಾ ಊಟಕ್ಕೆ ಹೋದಾಗ ಹೊಲಿದು ತೂಗುಹಾಕಿದ ಕುಬಸಗಳಲ್ಲಿ ಚೆಂದದ್ದೊಂದನ್ನು ಆರಿಸಿ ಫೋಟೊ ಹೊಡೆದ. ಹಸಿರು ರೇಷ್ಮೆ, ಜರಿ ಅಂಚು. ನಲವತ್ತೊಂದು ಗ್ರೂಪಿಗೂ ಬಿಟ್ಟ. ಕೊರಳಿಗೆ ಪಿನ್ನು ಹಾಕಿದ್ದ ಚೀಟಿಯಲ್ಲಿ ‘ಕವಿತಾ, ಮುದನಾಳ’ ಎಂದು ಬರೆದದ್ದನ್ನು ನೋಡಿದ, ಆದರೆ ಯೋಚಿಸಲಿಲ್ಲ. ಆರುನೂರು ಸ್ಟೇಟಸ್ಸಿನಲ್ಲಿ ಕವಿತಾ ಹಸಿರಾಗಿ ಮಿಂಚಿದಳು.

ಹಸಿರು ಕುಬಸ ಅಂದರೆ ಏನೆಂದು ಈ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸುರಿಗೆ ಐದನೆಯ ತಿಂಗಳಲ್ಲಿ ತವರಿನವರು ಯಾರಿಗೂ ಸುಳಿವು ಕೊಡದೆ ಹಸಿರು ಸೀರೆ, ಹಸಿರು ಕುಬಸ ತೊಡಿಸುತ್ತಾರೆ. ಅದೇ ಕಳ್ಳ ಕುಬಸ. ಏಳನೆಯ ತಿಂಗಳಲ್ಲಿ ಊರಿಗೆಲ್ಲ ಹೇಳಿ ದೊಡ್ಡ ಕುಬಸ ಮಾಡುವ ತನಕ ಸುದ್ದಿ ಮನೆ ದಾಟಬಾರದು. ಕವಿತಾಳಿಗೆ ಮದುವೆಯಾಗಿ ಎಂಟು ವರ್ಷ, ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಅವಳ ತಾಯಿ ರೇಣಮ್ಮ ಕೊಂಕಲ್‌ನಲ್ಲಿ ಕುರಿ ಸಾಕುವವಳು. ಈ ಸಲ ಸ್ವಂತ ತಮ್ಮನಿಗೂ ಹೇಳದೆ, ಬಟ್ಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ತಂದು ಕೊಟ್ಟಿದ್ದಳು.

ಸಂಜೆಯೊಳಗೆ ರೇಣಮ್ಮ ಅಂಗಡಿಯಲ್ಲಿದ್ದಳು. ಬಯ್ಯುತ್ತಾಳೆಂದು ಮರಿಲಿಂಗ ತಲೆ ತಗ್ಗಿಸಿ ನಿಂತ. ಅವಳು ಬಯ್ಯಲಿಲ್ಲ, ಹೊಲಿಗೆ ಮಷೀನಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

“ಮಧ್ಯಾನದಿಂದ ಹನ್ನೊಂದು ಫೋನ್ ಬಂದಾವ, ಪರಿಮಳಾ. ಎಷ್ಟು ತಿಂಗಳ ಅಂತ ಕೇಳಾಕತ್ತಾರ. ನನ್ನ ಮಗಳು ಹೆದರಿ ಮೂಲ್ಯಾಗ ಕುಂತಾಳ. ಮಂದಿ ಕಣ್ಣು ಕೆಟ್ಟದ್ದವ್ವಾ.”

ಪರಿಮಳಾಳ ಕಣ್ಣು ತುಂಬಿದವು. ಗಂಡನ ಕಡೆ ತಿರುಗಿದಳು. “ನನ್ನ ಅಂಗಡಿಗೆ ಬೋರ್ಡ್ ಯಾಕಿಲ್ಲ ಅಂತ ದಿನಾ ಕೇಳ್ತಿದ್ರಲ್ರಿ? ಇದಕ್ಕ. ಇಲ್ಲಿ ಬಟ್ಟಿ ಕೊಟ್ರ ಮಾತು ಹೊರಗ ಹೋಗಂಗಿಲ್ಲ ಅಂತ ಬರ್ತಾರ ಇವರು. ನಾಳಿಂದ ಯಾರ ಬರ್ತಾರ?”

ಮರಿಲಿಂಗನಿಗೆ ನಾಚಿಕೆಯಿಂದ ನೆಲ ಬಿರಿದರೆ ಸಾಕೆನಿಸಿತು. ಫೋಟೊ ಅಳಿಸಿದ. ಅಳಿಸಿದರೇನು, ನೋಡಿದವರ ಕಣ್ಣು ಅಳಿಸಲು ಬರುತ್ತದೆಯೇ? ಗ್ರೂಪುಗಳಲ್ಲಿ ‘ಯಾಕ ತೆಗದ? ಅಂದ್ರ ಖರೇನ ಅದ’ ಎಂಬ ಮಾತು ಬೇರೆ ಶುರುವಾಯಿತು.

ಹದಿನೈದು ವರ್ಷದಲ್ಲಿ ಅವನು ಕಲಿತ ಸತ್ಯ ಒಂದೇ ಒಂದು: ಜಾಹೀರಾತನ್ನು ಯಾರೂ ನಂಬುವುದಿಲ್ಲ. ಬಾಯಿಂದ ಬಾಯಿಗೆ ಹೋದದ್ದನ್ನು ನಂಬುತ್ತಾರೆ, ಜಾಹೀರಾತು ಅಂದಕೂಡಲೇ ನಗುತ್ತಾರೆ. ಹಾಗಾದರೆ ಇದನ್ನೂ ನಗುವಂಥದ್ದು ಮಾಡಬೇಕು! ಹಸಿರು ಬಟ್ಟೆ ಇದ್ದಬದ್ದದ್ದನ್ನೆಲ್ಲ ತೆಗೆಸಿ ಕುಬಸದಂತೆ ಮಡಚಿಸಿ ಸಾಲಾಗಿ ಹತ್ತು ತೂಗುಹಾಕಿದ. ಹತ್ತಕ್ಕೂ ಹೆಸರಿನ ಚೀಟಿ. ಕವಿತಾಳ ಚೀಟಿ ನಡುವೆ, ಆ ಕಡೆ ‘ಪರಿಮಳಾ, ಶಹಾಪುರ’. ಈ ಕಡೆ ಯಾರದು?

“ನಂದು ಬರಿಯೋ,” ಅಂದಳು ಸುದ್ದಿ ಕೇಳಿ ಅಂಗಡಿಗೆ ಬಂದಿದ್ದ ಎಪ್ಪತ್ತನಾಲ್ಕರ ದೇವಕಮ್ಮ. “ಈ ವಯಸ್ಸಿನಾಗ ನನಗೂ ಒಂದು ಕಳ್ಳ ಕುಬಸ ಆಗ್ಲಿ.”

ಉಳಿದ ಏಳಕ್ಕೆ ಇಲ್ಲದ ಊರಿನ ಇಲ್ಲದ ಹೆಸರು ಬರೆದ. ‘ಹಸಿರು ಕುಬಸದ ಭರ್ಜರಿ ಆಫರ್! ಒಂದು ಹೊಲಿಸಿದರೆ ಗುಂಡಿ ಪುಕ್ಕಟೆ!’ ಎಂದು ಫೋಟೊದ ಮೇಲೆ ಕೆಂಪಕ್ಷರದಲ್ಲಿ ಹಾಕಿ ಗ್ರೂಪುಗಳಿಗೆ ಬಿಟ್ಟ. ಅರ್ಧ ತಾಸಿನಲ್ಲಿ ನಲವತ್ತೊಂದು ಗ್ರೂಪೂ ಬಿದ್ದುಬಿದ್ದು ನಕ್ಕವು. ದೇವಕಮ್ಮಾಯಿಗೆ ಎಷ್ಟು ತಿಂಗಳೋ ಎಂದು ಕೇಳಿದವರೆಷ್ಟು! ಮರುದಿನ ರೇಣಮ್ಮನ ಫೋನು ಬಂತು. “ಎಲ್ಲಾ ಜಾಹೀರಾತಿನ ಸುಳ್ಳಂತ. ಒಬ್ಬರೂ ನಂಬವಲ್ರು ನೋಡಪಾ.”

ತನ್ನ ಜಾಹೀರಾತನ್ನು ಯಾರೂ ನಂಬಲಿಲ್ಲ ಎಂದು ಕೇಳಿ ಮರಿಲಿಂಗ ಅವತ್ತು ಅತ್ತೇಬಿಟ್ಟ.

ಎರಡು ತಿಂಗಳಾದ ಮೇಲೆ ಮುದನಾಳದಲ್ಲಿ ದೊಡ್ಡ ಕುಬಸ. ಹಸಿರು ಬಳೆ ತೊಟ್ಟು ಕವಿತಾ ಮಣೆಯ ಮೇಲೆ ಕೂತಿದ್ದಳು. ರೇಣಮ್ಮ ಕೊಂಕಲ್‌ನಿಂದ ಬುಟ್ಟಿಗಟ್ಟಲೆ ಹೋಳಿಗೆ ತಂದಿದ್ದಳು. ಪಂಕ್ತಿಯಲ್ಲಿ ಕೂತ ಮರಿಲಿಂಗನನ್ನು ಕವಿತಾಳ ಸೋದರಮಾವ ಬಸವಣ್ಣ ಎಲ್ಲರೆದುರೇ ಹಿಡಿದ.

“ಏನೋ ಮರಿಲಿಂಗ, ಜಿಲ್ಲಾದ ಸುದ್ದಿಯೆಲ್ಲಾ ನಿನ್ನ ಮೊಬೈಲ್‌ನಾಗ ಇರ್ತದ ಅಂತೀದಿ. ಇದು ನಿನಗ ಮೊದಲಽ ಗೊತ್ತಿತ್ತೇನು?”

ಪರಿಮಳಾ ಉಸಿರು ಹಿಡಿದಳು. ಗೊತ್ತಿಲ್ಲ ಎಂಬ ಮಾತು ಜೀವಮಾನದಲ್ಲಿ ಅವನ ಬಾಯಿಂದ ಬಂದದ್ದಿಲ್ಲ.

“ಇಲ್ಲ ಮಾವ,” ಅಂದ ಮರಿಲಿಂಗ. “ನನಗ ಇವತ್ತಽ ಗೊತ್ತಾತು.”

ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದಿತು. “ಇಂಥಾ ಜಾಹೀರಾತಿನಾವ!” ಎಂದು ಬಸವಣ್ಣ ತೊಡೆ ತಟ್ಟಿಕೊಂಡ. ಮರಿಲಿಂಗ ತಲೆ ಎತ್ತದೆ ಹೋಳಿಗೆ ಮುರಿದ. ಅಷ್ಟರಲ್ಲಿ ತುಪ್ಪದ ಗಿಂಡಿ ಹಿಡಿದು ರೇಣಮ್ಮ ಬಂದಳು. ಅವನ ಎಲೆಯ ಮುಂದೆ ಬಗ್ಗಿ ಸುರಿಯತೊಡಗಿದಳು. ಅವನು ಸಾಕು, ಸಾಕ್ರಿ ಅಂದರೂ ಕೈ ಎತ್ತಲಿಲ್ಲ.