ವೈಂಡಿಂಗ್ ಅಕ್ಕ ಪರೀಕ್ಷೆಗೆ ಕೂತದ್ದು

ಸುಟ್ಟ ಫ್ಯಾನು ಕೈಗೆ ಬಂದರೆ ವೈಂಡಿಂಗ್ ಅಕ್ಕ ಮೊದಲು ಅದನ್ನು ಮೂಸಿ ನೋಡುತ್ತಾಳೆ. ಒಳಗೆ ಎಷ್ಟು ಸುಟ್ಟಿದೆ ಎಂಬುದು ಅವಳಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಆಮೇಲೆ ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿಯನ್ನು ಸುರುಳಿ ಸುರುಳಿಯಾಗಿ ಸುತ್ತಿ ಕೂರಿಸಿದಳೆಂದರೆ ಆ ಫ್ಯಾನು ಹತ್ತು ವರ್ಷ ಕೆಮ್ಮದೆ ತಿರುಗುತ್ತದೆ. ಈ ವಿದ್ಯೆಯನ್ನು ಅವಳು ಓಣಿಯ ಹೆಂಗಸರಿಗೆ ಕಲಿಸತೊಡಗಿ ಹನ್ನೊಂದು ವರ್ಷವಾಯಿತು. ಜಾಗ, ಮುಚ್ಚಿದ ಗೋದಾಮಿನ ಮೇಲಿನ ಎರಡು ಕೋಣೆ. ಹೊರಗೆ ತರಬೇತಿ ಕೇಂದ್ರ ಎಂಬ ಬೋರ್ಡು. ಒಳಗೆ ಹನ್ನೆರಡು ಮೇಜು, ಒಂದು ಗಡಿಯಾರ.

ಅವಳು ಅಲ್ಲಿಗೆ ಬಂದದ್ದು ಕಸ ಗುಡಿಸಲಿಕ್ಕೆ. ಆಗ ಮೇಷ್ಟ್ರೊಬ್ಬರು ಕಲಿಸುತ್ತಿದ್ದರು. ತರಗತಿ ಮುಗಿದ ಮೇಲೆ ನೆಲದ ಮೇಲೆ ಬಿದ್ದ ತುಂಡು ತಂತಿ ಆರಿಸಿಕೊಂಡು, ಕೆಟ್ಟ ಮೋಟಾರಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಮೇಷ್ಟ್ರು ನೋಡಿಯೂ ನೋಡದಂತಿದ್ದರು. ಅಷ್ಟು ಪುಣ್ಯ ಅವರದು. ಒಂದು ದಿನ ಅವರು ಹೇಳದೆ ಕೇಳದೆ ಕೆಲಸ ಬಿಟ್ಟರು. ಹನ್ನೆರಡು ಹೆಂಗಸರು ಕೈಯಲ್ಲಿ ತಂತಿ ಹಿಡಿದು ಬಾಗಿಲು ನೋಡುತ್ತಾ ಕೂತಿದ್ದರು. ಇವಳು ಪೊರಕೆಯನ್ನು ಮೂಲೆಗಿಟ್ಟು, ಕೈ ತೊಳೆದುಕೊಂಡು ಬಂದು, "ನಿನ್ನೆ ಎಲ್ಲಿಗ್ ನಿಲ್ಸಿದ್ರಿ?" ಎಂದಳು.

ಅವಳ ಕೈಯಲ್ಲಿ ಕಲಿತವರು ಆ ಸುತ್ತಿನ ಬೀದಿಗಳಲ್ಲಿ ಒಂಬತ್ತು ಅಂಗಡಿ ಇಟ್ಟಿದ್ದಾರೆ. ಪ್ರತಿ ಅಂಗಡಿ ತೆರೆಯುವಾಗಲೂ ಅಕ್ಕನೇ ಬರಬೇಕು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಹೋಗುತ್ತಾಳೆ, ಹರಸುತ್ತಾಳೆ, ಕೊಟ್ಟ ಚಹಾ ಕುಡಿಯುತ್ತಾಳೆ. ಮನೆಗೆ ಬಂದು ಅಮ್ಮನ ಮುಂದೆ ಮಾತ್ರ ಬಾಯಿ ಬಿಡುತ್ತಾಳೆ: "ಬಂದವರಿಗೆ ಕೂರೋಕೆ ಒಂದ್ ಕುರ್ಚಿ ಇಲ್ಲಮ್ಮ. ನನ್ ಅಂಗಡಿ ಆಗಿದ್ರೆ ಎರಡು ಕುರ್ಚಿ ಹಾಕ್ತಿದ್ದೆ."

"ಎಲ್ಲಿದೆಯೇ ನಿನ್ ಅಂಗಡಿ? ದೀಪದ ಬುಡದಲ್ಲೇ ಕತ್ತಲೆ," ಎಂದು ಅಮ್ಮ ಮಗ್ಗುಲಾಗುತ್ತಾಳೆ. ಅಮ್ಮನ ಮಾತು ಚುರುಕ್ಕೆನ್ನುತ್ತಿತ್ತು, ಆದರೆ ಸುಳ್ಳಾಗಿರಲಿಲ್ಲ. ಮಕ್ಕಳ ಆಸೆ, ಗಂಡನ ಆಸೆ, ಊರು ಬಿಡುವ ಆಸೆ ಎಲ್ಲವೂ ಒಂದೊಂದಾಗಿ ಕರಗಿ ಅವಳಲ್ಲಿ ಉಳಿದದ್ದು ಅಂಗಡಿಯ ಆಸೆಯೊಂದೇ. ಅದನ್ನು ಅವಳು ಬೇಕೆಂದರೆ ಬೇಕು ಎಂದು ಬಯಸುತ್ತಿದ್ದಳು, ಹಲ್ಲುನೋವಿನ ಹಾಗೆ, ಕೆಲಸದ ನಡುವೆಯೂ.

ಬಸ್ ನಿಲ್ದಾಣದ ಎದುರು ಕೇಂದ್ರಕ್ಕೆ ಸೇರಿದ ಒಂದು ಕೋಣೆಯಿದೆ. ಬೀಗದ ಕೈ ಮಾಡುವ ಮುದುಕ ಅಲ್ಲಿದ್ದ. ಆ ಕೋಣೆಯೊಳಗೆ ಎರಡು ನಿಮಿಷ ನಿಲ್ಲುವ ನೆಪಕ್ಕೆಂದೇ ಅಕ್ಕ ತನ್ನ ಮನೆಯ ಒಂದು ಬೀಗಕ್ಕೆ ಐದು ಕೈ ಮಾಡಿಸಿದ್ದಳು. ಈ ವರ್ಷ ಮುದುಕ ಕಣ್ಣು ಮಂಜಾಗಿ ಜಾಗ ಬಿಟ್ಟ. ತರಬೇತಿಯ ಕೊನೆಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಸರಿಯಾಗಿ ಸುತ್ತಿ ಮುಗಿಸಿದವರಿಗೆ ಆ ಕೋಣೆ, ಜೊತೆಗೊಂದು ತಂತಿ ಸುತ್ತುವ ಯಂತ್ರ ಎಂದು ಕೇಂದ್ರದಲ್ಲಿ ಚೀಟಿ ಅಂಟಿಸಿದರು.

ಅಕ್ಕ ನೇರವಾಗಿ ಕೇಂದ್ರ ನಡೆಸುವ ಮೇಡಂ ಮುಂದೆ ನಿಂತು ಆ ಕೋಣೆ ಕೇಳಿದಳು. ಮೇಡಂ ತಲೆ ಕೆರೆದುಕೊಂಡರು. "ಅಕ್ಕಾ, ಕೇಂದ್ರದ ಪುಸ್ತಕದಲ್ಲಿ ನೀವು ಇವತ್ತಿಗೂ ಕಸ ಗುಡಿಸೋರೇ. ಸರ್ಟಿಫಿಕೇಟ್ ಇಲ್ದೆ ನಾನೇನೂ ಮಾಡೋಕಾಗಲ್ಲ. ನೀವೇ ಪರೀಕ್ಷೆಗೆ ಕೂತ್ಬಿಡಿ."

ಹಾಗೆ ಅಕ್ಕ ತನ್ನ ಹನ್ನೊಂದು ಶಿಷ್ಯೆಯರ ಸಾಲಿನಲ್ಲಿ ಹನ್ನೆರಡನೆಯವಳಾಗಿ ಕೂತಳು. "ನಾವ್ಯಾಕಪ್ಪಾ ಬೆವರು ಸುರಿಸ್ಬೇಕು, ಕೋಣೆ ಯಾರದ್ದು ಅಂತ ಗೋಡೆಗೂ ಗೊತ್ತು," ಎಂದು ಅವರು ನಕ್ಕರು. ಅಕ್ಕನೂ ನಕ್ಕಳು, ನಗುತ್ತಲೇ ತಂತಿಯ ತುದಿ ಹಿಡಿದು ಸಿದ್ಧಳಾದಳು.

ಪಕ್ಕದ ಮೇಜಿನವಳು ಎಡಚಿ. ಒಳ್ಳೆಯ ಕೆಲಸಗಾರ್ತಿ. ಆದರೆ ಅವಸರವಾದರೆ ಎಡಗೈ ತನ್ನ ಪಾಡಿಗೆ ತಾನು ಹಿಮ್ಮುಖವಾಗಿ ಸುತ್ತಿಬಿಡುತ್ತದೆ. ಒಂದು ಸುರುಳಿ ಉಲ್ಟಾ ಕೂತರೂ ಫ್ಯಾನು ಗುಂಯ್ ಎನ್ನುತ್ತದೆಯೇ ಹೊರತು ಸರಿಯಾಗಿ ತಿರುಗುವುದಿಲ್ಲ. ಅದಕ್ಕೇ ತರಗತಿಯಲ್ಲಿ ಗಡಿಯಾರ ಹನ್ನೊಂದು ಹೊಡೆದ ಕೂಡಲೇ ಅಕ್ಕ ಎದ್ದು, ಮೊದಲು ಎಡಚಿಯ ಮೇಜಿಗೆ ಹೋಗಿ ಹೆಬ್ಬೆರಳಿನಿಂದ ಸುರುಳಿಗಳನ್ನು ತಡವಿ ನೋಡುವುದು ಪದ್ಧತಿ.

ಪರೀಕ್ಷೆ ಮಾಡಲು ಹೊರಗಿನಿಂದ ಒಬ್ಬ ಯುವಕ ಬಂದಿದ್ದ, ಇಸ್ತ್ರಿ ಮಾಡಿದ ಮುಖದವನು. ಅಕ್ಕನ ಕೈ ಯಂತ್ರದಂತೆ ಓಡಿತು. ಕೊನೆಯ ಸುರುಳಿ ಕಟ್ಟಿಯಾಯಿತು. ಇನ್ನು ತುದಿಗಳನ್ನು ಬೆಸೆದರೆ ಮುಗಿಯಿತು. ಉಳಿದವರೆಲ್ಲ ಬಹಳ ಹಿಂದಿದ್ದರು. ಗಡಿಯಾರ ಹನ್ನೊಂದು ಹೊಡೆಯಿತು.

ಅಕ್ಕ ಎದ್ದಳು. ಏಳಬೇಕೆಂದು ಎದ್ದದ್ದಲ್ಲ. ಎಡಚಿಯ ಮೇಜಿಗೆ ಹೋಗಿ, ಹೆಬ್ಬೆರಳಿಟ್ಟು, "ಮೂರನೇದು ಉಲ್ಟಾ ಆಗಿದೆ ಕಣೇ, ಬಿಚ್ಚು," ಎಂದಳು.

ಎಡಚಿ ಬೆದರಿದ ಕಣ್ಣಿನಿಂದ ನೋಡಿದಾಗಲೇ ಅಕ್ಕನಿಗೆ ತಾನೆಲ್ಲಿದ್ದೇನೆಂದು ತಿಳಿದದ್ದು.

"ಪರೀಕ್ಷೆ ಮಧ್ಯೆ ಹೇಳ್ಕೊಟ್ರಿ. ನೀವು ಹೊರಗಡೆ ಹೋಗಿ," ಎಂದ ಯುವಕ. "ಇವರು ಕೇಳಿಲ್ಲ, ಇವರು ಮುಂದುವರೀಲಿ," ಎಂದು ಎಡಚಿಯತ್ತ ಕೈ ತೋರಿಸಿದ.

"ಅಕ್ಕ ಇಲ್ಲಿ ಕಲಿಸೋರು ಸಾರ್, ಅಭ್ಯಾಸಬಲ," ಎಂದು ಮೇಡಂ ಅಂಗಲಾಚಿದರು.

"ಕಲಿಸೋರಿಗೆ ನಿಯಮ ಇನ್ನೂ ಚೆನ್ನಾಗಿ ಗೊತ್ತಿರ್ಬೇಕಲ್ವಾ?" ಎಂದ ಅವನು. ಹಾಳಾದವನು ಹೇಳಿದ್ದು ತಪ್ಪೂ ಆಗಿರಲಿಲ್ಲ. ಅಕ್ಕ ಮೆಟ್ಟಿಲ ಮೇಲೆ ಕೂತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಮೊಣಕಾಲಿಗೆ ಮುಖವಿಟ್ಟು ಅತ್ತಳು. ಒಳಗೆ ಎಡಚಿ ಮೂರನೆಯ ಸುರುಳಿ ಬಿಚ್ಚಿ, ಸರಿಯಾಗಿ ಸುತ್ತಿ, ಎಲ್ಲರಿಗಿಂತ ಮೊದಲು ಮುಗಿಸಿದಳು.

ವಾರದ ನಂತರ ಎಡಚಿ ಮನೆಗೇ ಬಂದಳು. "ಅಕ್ಕಾ, ಆ ಕೋಣೆ ನಿಮ್ದು. ಬೀಗದ ಕೈ ತಗೊಳ್ಳಿ. ನನಗೆ ನಿದ್ದೆ ಬರ್ತಿಲ್ಲ."

ಅಕ್ಕನ ಕೈ ಮುಂದೆ ಬಂತು. ಸುಳ್ಳೇಕೆ ಹೇಳಬೇಕು, ಬಂತು. ಆಮೇಲೆ ಆ ಕೈ ಎಡಚಿಯ ಕೆನ್ನೆ ತಟ್ಟಿತು. "ಕಾಗದದಲ್ಲಿ ಇರೋದು ನಿನ್ ಹೆಸರು. ಹುಚ್ಚಾಟ ಆಡ್ಬೇಡ, ನಡಿ, ಮೇಜು ಹಾಕೋಣ."

ಕೋಣೆಯಲ್ಲಿ ಒಂದೇ ಕಿಟಕಿ. "ಎಲ್ಲಿ ಹಾಕ್ಲಿ ಅಕ್ಕಾ?" ಎಂದಳು ಎಡಚಿ. ಅಕ್ಕ ಹೋಗಿ ಕಿಟಕಿಯ ಬಲಕ್ಕೆ ನಿಂತಳು. ಅಲ್ಲಿ ಬೆಳಕು ಎಡದಿಂದ ಬೀಳುತ್ತದೆ, ಬಲಗೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ. ಅವಳು ಅಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು.

"ಆ ಕಡೆ ಹಾಕು," ಎಂದಳು ಕೊನೆಗೆ, ಕಿಟಕಿಯ ಎಡಬದಿ ತೋರಿಸಿ. "ನಿನ್ ಕೈಗೆ ಬೆಳಕು ಬಲಗಡೆಯಿಂದ ಬರ್ಬೇಕು."

ಇಬ್ಬರೂ ಮೇಜು ಎತ್ತಿಟ್ಟು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ, ಬಸ್ಸಿಳಿದವನೊಬ್ಬ ಸುಟ್ಟ ಫ್ಯಾನು ಹಿಡಿದು ಬಾಗಿಲಲ್ಲಿ ನಿಂತ. ಹಿರಿಯಳಂತೆ ಕಂಡ ಅಕ್ಕನ ಕೈಗೇ ಫ್ಯಾನು ಕೊಟ್ಟು, "ಅಂಗಡಿ ನಿಮ್ದೇನಮ್ಮಾ?" ಎಂದು ಕೇಳಿದ.

ಎಡಚಿ ಅಕ್ಕನನ್ನೇ ನೋಡಿದಳು. ಇದೇ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಅಕ್ಕ ಎಷ್ಟೋ ವರ್ಷಗಳಿಂದ ಕಾದಿದ್ದಳು. ಉತ್ತರವೂ ನಾಲಿಗೆಯ ತುದಿಯಲ್ಲಿತ್ತು.

"ಇವಳ್ದು," ಎಂದು ಫ್ಯಾನನ್ನು ಎಡಚಿಯ ಕೈಗಿಟ್ಟಳು.